ಕ್ಯಾಂಪಸ್‌ನಲ್ಲಿ ಹೆಣ್ಣುಮಕ್ಕಳ ಮೇಲಿನ ಹಿಂಸೆ: ಕಾರಣ ಹುಡುಕಲು ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರು ವಿಶ್ವವಿದ್ಯಾನಿಲಯದ ಕ್ಯಾಂಪಸ್ಸಾದ ಮಾನಸಗಂಗೋತ್ರಿಯ ಕ್ಯಾಂಟೀನಿನಲ್ಲಿ, ಸಂಜೆ ಮಂಡ್ಯಕ್ಕೆ ಹೋಗುವ ರೈಲಿನಲ್ಲಿ, ಡಿಸರ್ಟೇಶನ್ ಕೊಡುವ ದಿನ ಹತ್ತಿರ ಬಂದಾಗ ಬರುವ ಪತ್ರಗಳಲ್ಲಿ ನನಗೆ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳಿವು. ಕೇಳಿದವರಲ್ಲಿ ಹೆಚ್ಚಿನವರು ಸಮಾಜಶಾಸ್ತ್ರ, ಸಮಾಜಕಾರ್ಯ, ಮನಃಶಾಸ್ತ್ರ ಓದುವ ಮಕ್ಕಳು. ಕೆಲವರು ಮೇಷ್ಟ್ರುಗಳು. ಒಬ್ಬರು ಮದ್ದೂರು ಕಡೆಯ ತಂದೆ. ಪ್ರಶ್ನೆಗಳನ್ನು ಅವರವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ.

## ಮೊದಲಿಗೆ

"ಲಿಂಗಾಧಾರಿತ ಹಿಂಸೆ ಅಂದ್ರೆ ರೇಪ್ ಅಲ್ವಾ ಮೇಡಂ? ನಮ್ಮ ಕಾಲೇಜಲ್ಲಿ ಅಂಥದ್ದೇನೂ ಆಗಿಲ್ಲವಲ್ಲ?"

ಅದೂ ಹೌದು, ಅದೊಂದೇ ಅಲ್ಲ. ಒಬ್ಬಳನ್ನು ದಿನಾ ಬಸ್‌ಸ್ಟ್ಯಾಂಡಿನಿಂದ ಕ್ಲಾಸಿನ ತನಕ ಹಿಂಬಾಲಿಸುವುದು, ಬೇಡ ಅಂದಮೇಲೂ ಮೆಸೇಜ್ ಹಾಕುತ್ತಲೇ ಇರುವುದು, ಫೋಟೋ ತಿದ್ದಿ ಗ್ರೂಪಿಗೆ ಬಿಡುವುದು, ಇಂಟರ್ನಲ್ ಮಾರ್ಕ್ಸ್ ನನ್ನ ಕೈಲಿದೆ ಅಂತ ಸೂಚಿಸುವುದು, ಪ್ರೀತಿ ಮುರಿದುಕೊಂಡವಳಿಗೆ ಬೆದರಿಕೆ ಹಾಕುವುದು, ಎಲ್ಲವೂ ಇದರೊಳಗೆ ಬರುತ್ತವೆ. ಬ್ರಿಟನ್ನಿನ ಸಂಶೋಧಕಿ ಲಿಜ್ ಕೆಲ್ಲಿ 1988ರಲ್ಲೇ ಹೇಳಿದ ಮಾತು ಇದು: ಇವು ಬಿಡಿಬಿಡಿ ಘಟನೆಗಳಲ್ಲ, ಒಂದೇ ಎಳೆಯ ಬೇರೆ ಬೇರೆ ಜಾಗಗಳು. ಕ್ಯಾಂಪಸ್ ಅನ್ನುವ ಪದವನ್ನೂ ಕಾಂಪೌಂಡಿಗೆ ನಿಲ್ಲಿಸಬೇಡಿ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ, ಅಂದರೆ ಯುಜಿಸಿಯ, 2015ರ ನಿಯಮಗಳು (2016ರ ಮೇನಲ್ಲಿ ಜಾರಿಗೆ ಬಂದವು) ಹಾಸ್ಟೆಲ್, ಕ್ಯಾಂಟೀನ್, ಕಾಲೇಜಿಗೆ ಬಂದು ಹೋಗುವ ವಾಹನ, ಫೀಲ್ಡ್ ಟ್ರಿಪ್‌ಗಳನ್ನೂ ಸೇರಿಸಿಕೊಂಡಿವೆ.

"ಕಾರಣ ಎಲ್ಲರಿಗೂ ಗೊತ್ತಿರೋದೇ. ಅದಕ್ಕೊಂದು ರಿಸರ್ಚ್ ಬೇಕಾ?"

ಬೇಕು. ಯಾಕಂದರೆ ನಾವು ಯಾವುದನ್ನು ಕಾರಣ ಅಂದುಕೊಳ್ಳುತ್ತೇವೋ ಅದಕ್ಕೇ ಮದ್ದು ಮಾಡುತ್ತೇವೆ.

2021ರ ಆಗಸ್ಟ್ ನೆನಪಿದೆಯಾ? ಚಾಮುಂಡಿ ಬೆಟ್ಟದ ಹತ್ತಿರ ಒಬ್ಬ ವಿದ್ಯಾರ್ಥಿನಿಯ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಆಮೇಲೆ ಮೈಸೂರು ವಿಶ್ವವಿದ್ಯಾನಿಲಯದಿಂದ ಒಂದು ಸುತ್ತೋಲೆ ಬಂತು. ಸಂಜೆ 6.30ರ ಮೇಲೆ ಹುಡುಗಿಯರು ಗಂಗೋತ್ರಿಯಲ್ಲಿ ಒಬ್ಬೊಬ್ಬರೇ ಓಡಾಡಬಾರದು, ಕುಕ್ಕರಹಳ್ಳಿ ಕೆರೆ ಕಡೆ ಹೋಗಬಾರದು ಅಂತ. ಎಲ್ಲ ಕಡೆಯಿಂದ ವಿರೋಧ ಬಂದು ಅದನ್ನು ವಾಪಸ್ ತಗೊಂಡರು. ಬರೆದವರ ಮನಸ್ಸಿನಲ್ಲಿ ಕಾಳಜಿಯೇ ಇದ್ದಿರಬಹುದು. ಆದರೆ ಆ ಸಾಲಿನ ಒಳಗೆ ಒಂದು ಕಾರಣ ಕೂತಿದೆ ನೋಡಿ: ಹುಡುಗಿ ಹೊರಗೆ ಇದ್ದದ್ದೇ ಕಾರಣ ಅಂತ. ಆ ಕಾರಣ ತಪ್ಪಾದರೆ ಮದ್ದೂ ತಪ್ಪು. ಅದರ ಬೆಲೆಯನ್ನು ಲೈಬ್ರರಿಗೆ ಹೋಗಬೇಕಾದ ಹುಡುಗಿ ಕಟ್ಟುತ್ತಾಳೆ.

"ನಮ್ಮ ಮೈಸೂರು ಮಂಡ್ಯದ ಅಂಕಿಅಂಶ ಎಲ್ಲಿ ಸಿಗುತ್ತೆ?"

ಕ್ಯಾಂಪಸ್ಸಿನದ್ದು ಅಂತ ಒಂದೇ ಕಡೆ ಕೂಡಿಟ್ಟಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ, ಅಂದರೆ ಎನ್‌ಸಿಆರ್‌ಬಿ, ವರದಿಯಲ್ಲಿ ಪೊಲೀಸರಿಗೆ ಮುಟ್ಟಿದ ಪ್ರಕರಣಗಳು ಮಾತ್ರ ಇವೆ. ಪ್ರತಿ ಕಾಲೇಜಿನ ಆಂತರಿಕ ದೂರು ಸಮಿತಿ, ಅಂದರೆ ಐಸಿಸಿ, ವರ್ಷಕ್ಕೆ ಎಷ್ಟು ದೂರು ಬಂತು, ಎಷ್ಟು ಮುಗಿಯಿತು ಅಂತ ವರದಿ ಕೊಡಬೇಕು. ಅದನ್ನು ಕೇಳಿ ಪಡೆಯಿರಿ. ಆದರೆ "ಸೊನ್ನೆ ದೂರು" ಅಂತ ಕಂಡರೆ ಖುಷಿಪಡಬೇಡಿ. ಸೊನ್ನೆ ಅಂದರೆ ಏನೂ ಆಗಿಲ್ಲ ಅಂತಲೂ ಇರಬಹುದು, ಹೇಳುವುದಕ್ಕೆ ಯಾರಿಗೂ ಧೈರ್ಯ ಬಂದಿಲ್ಲ ಅಂತಲೂ ಇರಬಹುದು. ಸಾವಿರಾರು ಮಕ್ಕಳಿರುವ ಜಾಗದಲ್ಲಿ ವರ್ಷಗಟ್ಟಲೆ ಸೊನ್ನೆ ಇದ್ದರೆ ನಾನು ಎರಡನೆಯದನ್ನೇ ಮೊದಲು ಅನುಮಾನಿಸುತ್ತೇನೆ.

## ಕಾರಣದ ಬಗ್ಗೆ

"ಬಟ್ಟೆ, ಮೊಬೈಲು, ರಾತ್ರಿ ಸುತ್ತಾಟ, ಇವೂ ಕಾರಣ ತಾನೇ?"

ಅಲ್ಲ. ಎನ್‌ಸಿಆರ್‌ಬಿ ಲೆಕ್ಕದಲ್ಲಿ ವರ್ಷ ವರ್ಷವೂ ದಾಖಲಾದ ಅತ್ಯಾಚಾರಗಳಲ್ಲಿ ಶೇ 90ಕ್ಕಿಂತ ಹೆಚ್ಚಿನವನ್ನು ಮಾಡಿದವನು ಅವಳಿಗೆ ಗೊತ್ತಿರುವವನೇ. ಸ್ನೇಹಿತ, ನೆಂಟ, ನೆರೆಯವ, ಮದುವೆಯಾಗ್ತೀನಿ ಅಂದವ. ಕತ್ತಲಲ್ಲಿ ಅವಿತುಕೊಂಡ ಅಪರಿಚಿತ ಅನ್ನುವ ಚಿತ್ರ ನಮ್ಮ ತಲೆಯಲ್ಲಿ ಗಟ್ಟಿಯಾಗಿದೆ, ಅಷ್ಟೆ. "ಅವಳು ಯಾಕೆ ಅಲ್ಲಿಗೆ ಹೋದಳು" ಅಂತ ಶುರುವಾದ ಪ್ರಶ್ನೆಗೆ ಅವಳ ಬಗ್ಗೆಯೇ ಉತ್ತರ ಸಿಗುತ್ತೆ. "ಹಾಗೆ ಮಾಡಬಹುದು ಅಂತ ಅವನಿಗೆ ಯಾಕೆ ಅನ್ನಿಸಿತು, ಮಾಡಿದ ಮೇಲೂ ಏನೂ ಆಗಲ್ಲ ಅಂತ ಅವನಿಗೆ ಹೇಗೆ ಗೊತ್ತಿತ್ತು" ಅಂತ ಕೇಳಿ. ನಿಮ್ಮ ಇಡೀ ಸಿನಾಪ್ಸಿಸ್ ಬದಲಾಗುತ್ತೆ.

"ಹಾಗಾದರೆ ನಿಜವಾದ ಕಾರಣ ಯಾವುದು? ಒಂದೇ ಮಾತಲ್ಲಿ ಹೇಳಿ."

ಒಂದೇ ಮಾತಲ್ಲಿ ಆಗಲ್ಲ. ಲೋರಿ ಹೈಸ್ ಅನ್ನುವ ಸಂಶೋಧಕಿ 1998ರಲ್ಲಿ ಇದಕ್ಕೊಂದು ಚೌಕಟ್ಟು ಕೊಟ್ಟರು. ಒಂದರೊಳಗೆ ಒಂದು ಸುತ್ತುಗಳು: ವ್ಯಕ್ತಿ, ಅವನ ಹತ್ತಿರದ ಸಂಬಂಧಗಳು, ಅವನಿರುವ ಸಂಸ್ಥೆ ಮತ್ತು ಊರು, ಆಮೇಲೆ ಇಡೀ ಸಮಾಜದ ನಂಬಿಕೆ. ಯಾವ ಒಂದು ಸುತ್ತೂ ಒಬ್ಬಂಟಿಯಾಗಿ ಹಿಂಸೆ ಮಾಡಿಸಲ್ಲ. ಒಂದು ಇನ್ನೊಂದಕ್ಕೆ ಒಪ್ಪಿಗೆ ಕೊಡುತ್ತಾ ಹೋಗುತ್ತದೆ.

ನಮ್ಮ ಕಡೆಯ ಉದಾಹರಣೆಯಲ್ಲೇ ನೋಡೋಣ. ಹೊರಗಿನ ಸುತ್ತು: 2023ರ ಕೊನೆಯಲ್ಲಿ ಮಂಡ್ಯದ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಅಂತ ಹೇಳುತ್ತಿದ್ದ ಜಾಲ ಸಿಕ್ಕಿಬಿತ್ತು. ಬೆಲ್ಲ ಬೇಯುವ ಜಾಗದಲ್ಲಿ ಹೆಣ್ಣು ಬೇಡ ಅನ್ನುವ ತೀರ್ಮಾನ. ಹುಟ್ಟುವ ಮೊದಲೇ ಅವಳ ಬೆಲೆ ಕಟ್ಟಿಬಿಡುವ ಊರುಗಳಿಂದಲೇ ನಮ್ಮ ಹುಡುಗರೂ ಹುಡುಗಿಯರೂ ಕಾಲೇಜಿಗೆ ಬರುತ್ತಾರೆ. ಮನೆಯ ಸುತ್ತು: 2019ರಿಂದ 21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಮದುವೆಯಾದ ಹೆಂಗಸರಲ್ಲಿ ಶೇ 44.4 ಮಂದಿ ಗಂಡನ ಕೈಯಲ್ಲಿ ಹಿಂಸೆ ಅನುಭವಿಸಿದ್ದಾಗಿ ಹೇಳಿದರು. ರಾಜ್ಯಗಳಲ್ಲೇ ಅದು ಅತಿ ಜಾಸ್ತಿ. ಏನಾದರೊಂದು ಕಾರಣಕ್ಕೆ ಹೆಂಡತಿಗೆ ಹೊಡೆಯುವುದು ಸರಿ ಅಂದ ಗಂಡಸರು ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು. ಸರಿ ಅಂದ ಹೆಂಗಸರೂ ನೂರಕ್ಕೆ ಎಪ್ಪತ್ತೈದು ದಾಟುತ್ತಾರೆ. ಅಡುಗೆಮನೆಯಲ್ಲಿ ಅಪ್ಪ ಕೈ ಎತ್ತಿದ್ದನ್ನು ನೋಡುತ್ತಾ ಬೆಳೆದ ಹುಡುಗರೆಲ್ಲ ಹಾಗೇ ಆಗುತ್ತಾರೆ ಅಂತ ನಾನು ಹೇಳುತ್ತಿಲ್ಲ. ಎಷ್ಟೋ ಮಂದಿ ಆಗಲ್ಲ, ಆ ನೋವೇ ಅವರನ್ನು ಮೆದು ಮಾಡಿರುತ್ತೆ. ಆದರೆ ಹೊಡೆತ ಅನ್ನುವುದು ಸಂಬಂಧದ ಒಂದು ಭಾಗ ಅಂತ ಅಲ್ಲೇ ಕಲಿತವರೂ ಇದ್ದಾರೆ.

ಸಂಸ್ಥೆಯ ಸುತ್ತು ಅಂದರೆ ಕ್ಯಾಂಪಸ್ಸು. ಇಲ್ಲಿ ಅಧಿಕಾರ ಒಬ್ಬರ ಕೈಯಲ್ಲಿ ಕೂಡಿಕೊಂಡಿರುತ್ತದೆ. ಪಿಎಚ್‌ಡಿ ಮಾಡುವವಳಿಗೆ ಗೈಡ್ ಸಹಿ ಬೇಕು, ಫೆಲೋಶಿಪ್ ಬಿಲ್ಲಿಗೂ ಸಹಿ ಬೇಕು, ಮುಂದೆ ಕೆಲಸಕ್ಕೆ ಅವರದೇ ಒಂದು ಮಾತೂ ಬೇಕು. ಅಂಥವಳು ದೂರು ಕೊಡುವುದೆಂದರೆ ಐದು ವರ್ಷದ ಓದನ್ನು ಪಣಕ್ಕಿಟ್ಟ ಹಾಗೆ. ಹುಡುಗರ ಗುಂಪಿನಲ್ಲಿ ನಗು ಇರುತ್ತದೆ, ಒಬ್ಬ ಹುಡುಗಿಯ ಬಗ್ಗೆ ಕೆಟ್ಟ ಮಾತು ಬಂದಾಗ ಸುಮ್ನೆ ನಕ್ಕವನೂ ಒಪ್ಪಿಗೆ ಕೊಟ್ಟ ಹಾಗೇ. ಜೊತೆಗೆ ಸಂಸ್ಥೆಯ ಮೌನ. ನನ್ನನ್ನು ಕೇಳಿದರೆ, ಮೈಸೂರು ಮಂಡ್ಯದ ಮಕ್ಕಳು ಅಧ್ಯಯನಕ್ಕೆ ಆರಿಸಿಕೊಳ್ಳಬೇಕಾದ್ದು ಈ ಮೌನವನ್ನು. ಅದನ್ನು ನೋಡಿದವರು ಕಡಿಮೆ. ಬದಲಾಯಿಸಲು ನಮ್ಮ ಕೈಗೆ ಎಟಕುವುದೂ ಅದೇ.

"ಕುಡಿತ, ಗಾಂಜಾ ಕಾರಣ ಅಂತ ಬರೀಬಹುದಾ?"

ಅಪಾಯ ಹೆಚ್ಚಿಸುವ ಅಂಶ ಅಂತ ಬರೆಯಿರಿ, ಕಾರಣ ಅಂತ ಬೇಡ. ಕುಡಿದವರಲ್ಲಿ ಹೆಚ್ಚಿನವರು ಯಾರ ಮೇಲೂ ಕೈ ಹಾಕಲ್ಲ. ಕುಡಿಯದೆ, ಹಗಲು ಹನ್ನೊಂದು ಗಂಟೆಗೆ, ಛೇಂಬರಿನಲ್ಲಿ ಕೂತು ಕಿರುಕುಳ ಕೊಡುವವರೂ ಇದ್ದಾರೆ.

"ಬಸ್ ಫ್ರೀ ಆದ ಮೇಲೆ ಕಾಟ ಜಾಸ್ತಿ ಆಯ್ತು ಅಂತಾರೆ. ನಿಜಾನಾ?"

ಶಕ್ತಿ ಯೋಜನೆ ಶುರುವಾದದ್ದು 2023ರ ಜೂನ್ 11ಕ್ಕೆ. ಅದರಿಂದ ಬಸ್ಸಿನಲ್ಲಿ ಹೆಣ್ಣುಮಕ್ಕಳ ಸಂಖ್ಯೆ ಏರಿತು. ಮಳವಳ್ಳಿ, ಪಾಂಡವಪುರ, ನಂಜನಗೂಡು ಕಡೆಯಿಂದ ದಿನಾ ಓಡಾಡಿ ಓದುವುದು ಎಷ್ಟೋ ಮನೆಗಳಲ್ಲಿ ಸುಲಭವಾಯಿತು. ಹೆಚ್ಚು ಮಂದಿ ಓಡಾಡಿದರೆ ಒಟ್ಟು ದೂರು ಏರಬಹುದು. ಆದರೆ ನೂರು ಜನಕ್ಕೆ ಎಷ್ಟು ಅಂತ ಲೆಕ್ಕ ಹಾಕಿದರೆ ಇಳಿದಿರಲೂಬಹುದು. ಬಸ್ಸಿನ ತುಂಬ ಹೆಂಗಸರೇ ಇದ್ದಾಗ ಹುಡುಗಿಗೆ ಗಟ್ಟಿಯಾಗಿ ಕೂಗಲು ಧೈರ್ಯ ಬರುವುದೂ ಉಂಟು, ಆಗ ಹೇಳುವವರ ಸಂಖ್ಯೆ ಏರುತ್ತದೆ, ಮಾಡುವವರದ್ದಲ್ಲ. ಒಂದಾದ ಮೇಲೆ ಒಂದು ಆಯಿತು ಅಂದಮಾತ್ರಕ್ಕೆ ಮೊದಲನೆಯದೇ ಎರಡನೆಯದಕ್ಕೆ ಕಾರಣ ಅಲ್ಲ.

"ಜಾತಿ ವಿಷಯ ತರಲೇಬೇಕಾ? ಗೈಡ್ ಬೇಡ ಅಂತಿದ್ದಾರೆ."

ತರಬೇಕು. ದಲಿತ ಹುಡುಗಿಯೊಬ್ಬಳು ದೂರು ಕೊಡಬೇಕು ಅಂದುಕೊಂಡಾಗ ಅವಳ ಲೆಕ್ಕವೇ ಬೇರೆ. ಅವನು ಯಾರ ಮಗ, ಊರಿನಲ್ಲಿ ಅವರ ಗದ್ದೆಯಲ್ಲೇ ನಮ್ಮಪ್ಪ ಕೂಲಿಗೆ ಹೋಗುತ್ತಾರಾ, ಸಮಿತಿಯಲ್ಲಿ ಕೂತವರೆಲ್ಲ ಯಾರ ಕಡೆಯವರು, ಇಷ್ಟೂ ಅವಳ ತಲೆಯಲ್ಲಿ ಓಡುತ್ತದೆ. ಮೇಲ್ಜಾತಿಯ ಹುಡುಗಿಗೆ ಇನ್ನೊಂದು ಕಷ್ಟ: ಹೇಳಿದರೆ ಮನೆಯವರು ಓದು ಬಿಡಿಸಿ ಮದುವೆ ಮಾಡುತ್ತಾರೆ. ಎರಡನ್ನೂ ಒಂದೇ ಕಾಲಂಗೆ ತುಂಬಿದರೆ ಎರಡೂ ಕಾಣಲ್ಲ. ಗೈಡ್ ಜೊತೆ ಜಗಳ ಬೇಡ. "ಯಾರು ಯಾರಿಗೆ ಹೇಳಿಕೊಳ್ಳಬಲ್ಲರು" ಅನ್ನುವ ಪ್ರಶ್ನೆ ಇಡಿ, ಜಾತಿ ತಾನಾಗಿಯೇ ಬರುತ್ತದೆ.

"ಗಂಡುಮಕ್ಕಳಿಗೂ ಆಗುತ್ತಲ್ಲ, ಅದನ್ನು ಯಾಕೆ ಸೇರಿಸಲ್ಲ?"

ಸೇರಿಸಿ. ಹಾಸ್ಟೆಲ್ಲಿನ ರ‍್ಯಾಗಿಂಗಿನಲ್ಲಿ ಬಟ್ಟೆ ಬಿಚ್ಚಿಸುವುದು, "ಹೆಣ್ಣಿಗ" ಅಂತ ಹಂಗಿಸುವುದು ಕೂಡ ಲಿಂಗಾಧಾರಿತ ಹಿಂಸೆಯೇ. ಮುಖ್ಯವಾಗಿ ಹೆಣ್ಣುಮಕ್ಕಳು, ಜೊತೆಗೆ ಕೆಲವು ಗಂಡುಮಕ್ಕಳು ಮತ್ತು ತೃತೀಯ ಲಿಂಗಿಗಳು ಇದಕ್ಕೆ ಗುರಿಯಾಗುತ್ತಾರೆ ಅಂತ ಯುಜಿಸಿ ನಿಯಮವೇ ಒಪ್ಪಿಕೊಂಡಿದೆ. ಆದರೆ ಹುಡುಗಿಯರ ಮಾತು ಬಂದಾಗ ಬಾಯಿ ಮುಚ್ಚಿಸಲು ಈ ಪ್ರಶ್ನೆ ಎತ್ತುವುದು ಬೇಡ.

## ಕೆಲಸಕ್ಕೆ ಇಳಿದಾಗ

"ಗೂಗಲ್ ಫಾರ್ಮ್ ಮಾಡಿ ಎಲ್ಲಾ ಗ್ರೂಪಿಗೂ ಕಳಿಸಿದರೆ ಸಾಕಾ?"

ಸಾಲದು, ಕೆಲವು ಸಲ ಅಪಾಯ ಕೂಡ. ಹಳ್ಳಿಯ ಎಷ್ಟೋ ಹುಡುಗಿಯರ ಫೋನು ಅವಳೊಬ್ಬಳದ್ದಲ್ಲ. ತಮ್ಮ ನೋಡುತ್ತಾನೆ, ಅಣ್ಣ ನೋಡುತ್ತಾನೆ. ನೀವು ಕಳಿಸಿದ ಫಾರ್ಮ್ ಅವರ ಕಣ್ಣಿಗೆ ಬಿದ್ದರೆ ಉತ್ತರ ಕೊಡಬೇಕಾದವಳು ಅವಳು. ಮೇಲಾಗಿ ಗ್ರೂಪಿಗೆ ಬಿಟ್ಟ ಫಾರ್ಮ್ ತುಂಬುವವರು ಒಂದೋ ಈ ವಿಷಯದಲ್ಲಿ ತುಂಬಾ ಆಸಕ್ತಿ ಇರುವವರು, ಇಲ್ಲವೇ ತೀರಾ ನೊಂದವರು. ಅವರಿಂದ ಇಡೀ ಕಾಲೇಜಿನ ಶೇಕಡಾವಾರು ತೆಗೆಯಲು ಬರಲ್ಲ. ಕ್ಲಾಸುಗಳನ್ನು ಚೀಟಿ ಎತ್ತಿ ಆರಿಸಿ. ಕಾಗದ ಕೊಡಿ. ದೂರ ದೂರ ಕೂರಿಸಿ. ಎಲ್ಲರೂ, ಖಾಲಿ ಬಿಟ್ಟವರೂ, ಮಡಚಿ ಒಂದೇ ಡಬ್ಬಕ್ಕೆ ಹಾಕಲಿ. ಆಗ ಯಾರು ಬರೆದರು ಯಾರು ಬರೆಯಲಿಲ್ಲ ಅಂತ ಪಕ್ಕದವಳಿಗೂ ಗೊತ್ತಾಗಲ್ಲ.

"ಪ್ರಶ್ನೆ ಕನ್ನಡದಲ್ಲಿ ಹೇಗೆ ಕೇಳೋದು? ಪದಗಳೇ ಸಿಗಲ್ಲ."

ಇದನ್ನು ನಾನು ಪೆಟ್ಟು ತಿಂದೇ ಕಲಿತೆ. ಮೊದಲ ಸಲ "ನೀವು ಲೈಂಗಿಕ ಕಿರುಕುಳಕ್ಕೆ ಒಳಗಾಗಿದ್ದೀರಾ?" ಅಂತ ಅಚ್ಚು ಹಾಕಿಸಿಕೊಂಡು ಹೋಗಿದ್ದೆ. ಹೆಚ್ಚಿನವರು "ಇಲ್ಲ" ಅಂತ ಗುರುತು ಹಾಕಿದರು. ಕಾಗದ ವಾಪಸ್ ಕೊಡುವಾಗ ಒಬ್ಬಳು, "ಅಕ್ಕ, ಕಿರುಕುಳ ಏನಿಲ್ಲ, ಆದ್ರೆ ಬಸ್ಸಲ್ಲಿ ಒಬ್ಬ ದಿನಾ ಮೈಗೆ ಮೈ ತಾಗಿಸ್ತಾನೆ, ಅದಕ್ಕೆ ಹಿಂದಿನ ಬಸ್ಸಿಗೆ ಬರ್ತೀನಿ" ಅಂದಳು. ಅವಳೂ "ಇಲ್ಲ" ಅಂತಲೇ ಬರೆದಿದ್ದಳು.

ಅಮೆರಿಕದ ಮೇರಿ ಕಾಸ್ 1987ರಲ್ಲಿ 32 ಕಾಲೇಜುಗಳ 6,000ಕ್ಕೂ ಹೆಚ್ಚು ವಿದ್ಯಾರ್ಥಿಗಳ ಅಧ್ಯಯನದಲ್ಲಿ ಇದನ್ನೇ ತೋರಿಸಿದ್ದರು. ಕಾನೂನಿನ ಪ್ರಕಾರ ಅತ್ಯಾಚಾರವೇ ಆಗಿದ್ದನ್ನು ಅನುಭವಿಸಿದವರಲ್ಲಿ ಹೆಚ್ಚಿನವರು ಅದನ್ನು ಆ ಹೆಸರಿನಿಂದ ಕರೆದಿರಲಿಲ್ಲ. ಆದ್ದರಿಂದ ಹೆಸರು ಕೇಳಬೇಡಿ, ನಡೆದದ್ದನ್ನು ಕೇಳಿ. "ಬೇಡ ಅಂದಮೇಲೂ ಯಾರಾದರೂ ಹಿಂದೆ ಬಿದ್ದಿದ್ದಾರಾ?" "ನೀವು ದಾರಿ ಬದಲಾಯಿಸುವ ಹಾಗೆ ಯಾರಾದರೂ ಮಾಡಿದ್ದಾರಾ?" ನಮ್ಮ ಹುಡುಗಿಯರ ಮಾತು ಗಮನಿಸಿ. ಕಾಟ ಕೊಡ್ತಾನೆ, ಚುಡಾಯಿಸ್ತಾನೆ, ಗುರಾಯಿಸ್ತಾನೆ, "ಸರ್ ಒಂಥರಾ ಮಾತಾಡ್ತಾರೆ". ಈ "ಒಂಥರಾ" ಅನ್ನುವ ಪದ ಬಂದಾಗ ಅವಸರ ಮಾಡಬೇಡಿ. ಅದರೊಳಗೆ ತುಂಬಾ ಇರುತ್ತದೆ. "ಒಂಥರಾ ಅಂದ್ರೆ ಹೇಗೆ?" ಅಂತ ಮೆಲ್ಲಗೆ ಕೇಳಿ ಕಾಯಿರಿ.

"ಹುಡುಗರನ್ನು ಮಾತಾಡಿಸೋದು ಹೇಗೆ? ನಗ್ತಾರೆ, ಇಲ್ಲಾಂದ್ರೆ ಎದ್ದು ಹೋಗ್ತಾರೆ."

"ನೀನು ಮಾಡಿದ್ದೀಯಾ?" ಅಂತ ಶುರು ಮಾಡಬೇಡಿ. ಒಂದು ಪುಟ್ಟ ಕಥೆ ಹೇಳಿ: ಒಬ್ಬ ಹುಡುಗ, ಒಪ್ಪದ ಹುಡುಗಿ, ಗೆಳೆಯರು ಹುರಿದುಂಬಿಸುತ್ತಿದ್ದಾರೆ, ಮುಂದೇನು? ಆಮೇಲೆ ಎರಡು ಪ್ರಶ್ನೆ ಬೇರೆ ಬೇರೆ ಕೇಳಿ. ನಿನಗೇನನ್ನಿಸುತ್ತೆ? ನಿನ್ನ ಗೆಳೆಯರಿಗೆ ಏನನ್ನಿಸಬಹುದು? ಬೇರೆ ದೇಶಗಳ ಕಾಲೇಜುಗಳ ಅಧ್ಯಯನಗಳಲ್ಲಿ ಕಂಡದ್ದು, ತನ್ನ ಗೆಳೆಯರು ಇದನ್ನೆಲ್ಲ ಒಪ್ಪುತ್ತಾರೆ ಅಂತ ಹುಡುಗರು ನಿಜಕ್ಕಿಂತ ಜಾಸ್ತಿ ಅಂದಾಜು ಮಾಡುತ್ತಾರೆ. ಅಂದರೆ ಹತ್ತು ಹುಡುಗರಲ್ಲಿ ಏಳು ಮಂದಿಗೆ ಒಳಗೊಳಗೇ ಇಷ್ಟವಿಲ್ಲದಿದ್ದರೂ, ಉಳಿದವರೆಲ್ಲ ಒಪ್ಪಿದ್ದಾರೆ ಅಂದುಕೊಂಡು ಹತ್ತೂ ಜನ ನಗುತ್ತಾರೆ. ನಮ್ಮಲ್ಲೂ ಹೀಗೇನಾ ಅಂತ ನೋಡುವುದು ಒಂದು ಒಳ್ಳೆಯ ಎಂ.ಎ. ಡಿಸರ್ಟೇಶನ್ ಆಗುತ್ತೆ.

"ಪ್ರಿನ್ಸಿಪಾಲರು ಪರ್ಮಿಷನ್ ಕೊಡ್ತಿಲ್ಲ. ಕಾಲೇಜಿನ ಹೆಸರು ಹಾಳಾಗುತ್ತಂತೆ."

ನನಗೂ ಒಂದು ಕಾಲೇಜಿನಲ್ಲಿ ಮೂರು ತಿಂಗಳು ಅಲೆದಾಡಿಸಿ ಕೊನೆಗೆ ಆಗಲ್ಲ ಅಂದರು. ಬೇಜಾರಾಯಿತು, ಆದರೆ ಆ ಮೂರು ತಿಂಗಳ ಡೈರಿ ನನ್ನ ಅಧ್ಯಯನದ ಒಂದು ಅಧ್ಯಾಯವೇ ಆಯಿತು. ಸಂಸ್ಥೆ ಹೇಗೆ ಸುಮ್ಮನಾಗಿಸುತ್ತದೆ ಅನ್ನುವುದು ಅದರಲ್ಲಿತ್ತು. ಕಾಲೇಜಿನ ಹೆಸರು ಬರೆಯಲ್ಲ ಅಂತ ಪತ್ರ ಬರೆದುಕೊಡಿ, ಫಲಿತಾಂಶ ಮೊದಲು ಅವರಿಗೇ ತೋರಿಸುತ್ತೇನೆ ಅನ್ನಿ. ಆದರೆ ಒಪ್ಪಿಗೆ ಇಲ್ಲದೆ ಕದ್ದು ಮಾಡಬೇಡಿ. ಮಾತಾಡಿದ ಹುಡುಗಿಯರು ಸಿಕ್ಕಿಬೀಳುತ್ತಾರೆ.

"ನನ್ನ ಮಗಳು ಈ ವಿಷಯ ತಗೊಂಡಿದ್ದಾಳಮ್ಮ. ಅವಳಿಗೇನೂ ತೊಂದರೆ ಆಗಲ್ಲ ತಾನೇ?"

ನಿಮ್ಮ ಗಾಬರಿ ಸಹಜ ಅಣ್ಣಾ. ಅವಳು ಒಬ್ಬಳೇ ಸಂಜೆ ಹೊತ್ತು ಸಂದರ್ಶನಕ್ಕೆ ಹೋಗದಿರಲಿ, ಎಲ್ಲಿದ್ದೀನಿ ಅಂತ ಗೆಳತಿಗೆ ತಿಳಿಸಿರಲಿ, ತನ್ನ ಸ್ವಂತ ನಂಬರ್ ಎಲ್ಲರಿಗೂ ಕೊಡದಿರಲಿ. ದಿನಾ ಇಂಥ ಮಾತು ಕೇಳಿ ಕೇಳಿ ಮನಸ್ಸು ಭಾರವಾಗುತ್ತದೆ. ಮನೆಗೆ ಬಂದಾಗ "ಇದೆಲ್ಲ ನಿನಗ್ಯಾಕೆ" ಅನ್ನಬೇಡಿ. "ಊಟ ಮಾಡು, ಆಮೇಲೆ ಹೇಳು" ಅನ್ನಿ.

## ಇನ್ನೂ ಕಷ್ಟದ ಪ್ರಶ್ನೆಗಳು

"ಮಾತಾಡ್ತಾ ಮಾತಾಡ್ತಾ ಅವಳು ಅತ್ತುಬಿಟ್ಟರೆ?"

ಪೆನ್ನು ಕೆಳಗಿಡಿ, ರೆಕಾರ್ಡರ್ ಆರಿಸಿ. ನಿಮ್ಮ ಡೇಟಾಕ್ಕಿಂತ ಅವಳ ನೆಮ್ಮದಿ ದೊಡ್ಡದು. ಹಿಂಸೆಯ ಅಧ್ಯಯನಕ್ಕೆ ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಕೊಟ್ಟ ಮಾರ್ಗಸೂಚಿಯ ತಿರುಳೂ ಇದೇ. ನಿಲ್ಲಿಸೋಣವಾ, ಸ್ವಲ್ಪ ಹೊತ್ತು ಸುಮ್ನೆ ಕೂರೋಣವಾ ಅಂತ ಅವಳನ್ನೇ ಕೇಳಿ. ಹೋಗುವ ಮೊದಲೇ ಒಂದು ಪುಟ್ಟ ಚೀಟಿ ಸಿದ್ಧವಿರಲಿ: ಮಹಿಳಾ ಸಹಾಯವಾಣಿ 181, ತುರ್ತಿಗೆ 112, ಮನಸ್ಸಿನ ಕಷ್ಟಕ್ಕೆ ಟೆಲಿ ಮಾನಸ್ 14416, ಆನ್‌ಲೈನ್ ವಂಚನೆ ಮತ್ತು ಸೈಬರ್ ಅಪರಾಧಕ್ಕೆ 1930, ಉಚಿತ ಕಾನೂನು ನೆರವಿಗೆ 15100, ನೊಂದ ಹೆಣ್ಣುಮಕ್ಕಳಿಗೆ ನೆರವು ಕೊಡುವ ಜಿಲ್ಲೆಯ ಸಖಿ ಕೇಂದ್ರ. ಚೀಟಿಯ ಮೇಲೆ ದೊಡ್ಡದಾಗಿ "ದೌರ್ಜನ್ಯ" ಅಂತ ಬರೆಯಬೇಡಿ. ಬ್ಯಾಗಿನಲ್ಲಿ ಯಾರಾದರೂ ನೋಡಬಹುದು.

"ಅವಳಿಗೆ ಇನ್ನೂ 17 ವರ್ಷ. ಗುಟ್ಟಾಗಿ ಇಡ್ತೀನಿ ಅಂತ ಮಾತು ಕೊಡಬಹುದಾ?"

ಕೊಡಬೇಡಿ. 18 ತುಂಬದವರ ಮೇಲೆ ಲೈಂಗಿಕ ಅಪರಾಧ ನಡೆದದ್ದು ಗೊತ್ತಾದರೆ ಪೊಲೀಸರಿಗೆ ತಿಳಿಸಲೇಬೇಕು ಅಂತ 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಹೇಳುತ್ತದೆ. ಸಂಶೋಧಕರಿಗೆ ವಿನಾಯಿತಿ ಇಲ್ಲ. ಡಿಗ್ರಿ ಮೊದಲ ವರ್ಷದಲ್ಲಿ 17ರವರು ಇರುತ್ತಾರೆ, ಪಿಯು ಮಕ್ಕಳಂತೂ ಹೆಚ್ಚಿನವರು ಅದೇ ವಯಸ್ಸು. ಮಾತು ಶುರುವಾಗುವ ಮೊದಲೇ ಇದನ್ನು ತಿಳಿಸಿಬಿಡಿ. ಎಲ್ಲ ಹೇಳಿಸಿಕೊಂಡ ಮೇಲೆ "ನಾನು ತಿಳಿಸಬೇಕಾಗುತ್ತೆ" ಅನ್ನುವುದು ಮೋಸ. ಮೊದಲ ಅಧ್ಯಯನವಾದರೆ 18 ದಾಟಿದವರನ್ನೇ ಇಟ್ಟುಕೊಳ್ಳಿ.

"ಐಸಿಸಿ ಇದೆಯಲ್ಲ, ಅದರಲ್ಲಿ ಏನು ನೋಡಬೇಕು?"

ಗೋಡೆಯ ಮೇಲಿನ ಬೋರ್ಡ್ ನೋಡಿ ವಾಪಸ್ ಬರಬೇಡಿ. ಕೆಲಸದ ಜಾಗದ ಲೈಂಗಿಕ ಕಿರುಕುಳದ ಬಗ್ಗೆ ಸುಪ್ರೀಂ ಕೋರ್ಟ್ ಕೊಟ್ಟ 1997ರ ವಿಶಾಖಾ ತೀರ್ಪು, ಆಮೇಲೆ ಅದನ್ನು ತಡೆಯಲು ಬಂದ 2013ರ ಕಾಯ್ದೆಯ ಪ್ರಕಾರ ಅಧ್ಯಕ್ಷೆ ಹಿರಿಯ ಮಹಿಳೆಯೇ ಆಗಿರಬೇಕು, ಕನಿಷ್ಠ ಅರ್ಧ ಮಂದಿ ಮಹಿಳೆಯರಿರಬೇಕು, ಹೊರಗಿನ ಸದಸ್ಯರೊಬ್ಬರು ಬೇಕು. ವಿದ್ಯಾರ್ಥಿಗಳ ಪ್ರಕರಣವಾದರೆ ಮೂವರು ವಿದ್ಯಾರ್ಥಿ ಪ್ರತಿನಿಧಿಗಳು ಇರಬೇಕು ಅಂತ ಯುಜಿಸಿ ಸೇರಿಸಿದೆ. ದೂರು ಕೊಡಲು 3 ತಿಂಗಳು, ವಿಚಾರಣೆ ಮುಗಿಸಲು 90 ದಿನ. ಈ ಸಮಿತಿಗಳು ನಿಜವಾಗಿಯೂ ಇವೆಯಾ ಅಂತ ಪರಿಶೀಲಿಸಿ ಅಂತ 2023ರ ಮೇನಲ್ಲಿ ಸುಪ್ರೀಂ ಕೋರ್ಟೇ ಸರ್ಕಾರಗಳಿಗೆ ಹೇಳಬೇಕಾಯಿತು.

ನೀವು ಕೇಳಬೇಕಾದ್ದು ಇವನ್ನು. ಸಮಿತಿಯಲ್ಲಿ ಯಾರಿದ್ದಾರೆ ಅಂತ ಹುಡುಗಿಯರಿಗೆ ಗೊತ್ತಾ? ಹೊರಗಿನವರು ನಿಜಕ್ಕೂ ಹೊರಗಿನವರಾ, ಇಲ್ಲ ಮ್ಯಾನೇಜ್‌ಮೆಂಟಿಗೆ ಬೇಕಾದವರಾ? ದೂರು ಕೊಟ್ಟವಳು ಆಮೇಲೆ ಅದೇ ಕ್ಲಾಸಿನಲ್ಲಿ ಕೂರಬೇಕಾಯಿತಾ? ಬಾಯಿಮಾತಲ್ಲೇ ರಾಜಿ ಮಾಡಿಸಿದ್ದೆಷ್ಟು? ಒಂದು ವಿಷಯ ಎಚ್ಚರ. ವಿಚಾರಣೆಯ ಕಡತ ಕೇಳಬೇಡಿ. ದೂರು ಕೊಟ್ಟವರ ಗುರುತು ಮತ್ತು ವಿಚಾರಣೆಯ ವಿವರ ಬಯಲು ಮಾಡುವುದನ್ನು ಕಾಯ್ದೆಯ 16ನೇ ಸೆಕ್ಷನ್ ತಡೆಯುತ್ತದೆ. ಸಂಖ್ಯೆ ಸಿಕ್ಕರೆ ಸಾಕು.

"ಇದೇ ಕಾರಣ ಅಂತ ಸಾಬೀತು ಮಾಡೋದು ಹೇಗೆ? ವೈವಾದಲ್ಲಿ ಇದನ್ನೇ ಹಿಡಿದುಕೊಳ್ತಾರೆ."

ಒಂದು ಸಲದ ಸರ್ವೆಯಿಂದ ಆಗಲ್ಲ. ಎರಡು ಸಂಗತಿ ಜೊತೆಜೊತೆಗೆ ಕಾಣುತ್ತಿವೆ ಅಂತ ಮಾತ್ರ ಅದು ಹೇಳುತ್ತದೆ. ಯಾವುದು ಮೊದಲು ಅಂತ ತಿಳಿಯಬೇಕು, ಹೋಲಿಸಲು ಇನ್ನೊಂದು ಜಾಗ ಬೇಕು, ಬೇರೆ ವಿವರಣೆಗಳನ್ನು ಒಂದೊಂದಾಗಿ ಪಕ್ಕಕ್ಕಿಡಬೇಕು. ಅವಕಾಶ ತಾನಾಗಿ ಬರುವುದೂ ಉಂಟು. ಒಂದು ಹಾಸ್ಟೆಲ್ಲಿನಲ್ಲಿ ವಾರ್ಡನ್ ಬದಲಾಗಿ ಇನ್ನೊಂದರಲ್ಲಿ ಆಗದಿದ್ದರೆ, ಒಂದು ವಿಭಾಗದಲ್ಲಿ ಇಂಟರ್ನಲ್ ಮಾರ್ಕ್ಸನ್ನು ಇಬ್ಬರು ಸೇರಿ ಹಾಕಲು ಶುರು ಮಾಡಿದರೆ, ಮೊದಲೂ ಆಮೇಲೂ ಎರಡೂ ಕಡೆ ಅಳೆಯಿರಿ. ಆದರೆ ಒಳ್ಳೆಯ ಬದಲಾವಣೆ ಆದ ಮೊದಲ ವರ್ಷ ದೂರುಗಳು ಏರುತ್ತವೆ, ನಂಬಿಕೆ ಹುಟ್ಟಿದ್ದಕ್ಕೆ. ಅದಕ್ಕೇ ದೂರಿನ ಸಂಖ್ಯೆಯ ಜೊತೆಗೆ ನಡೆದ ಘಟನೆಗಳ ಸಂಖ್ಯೆಯನ್ನೂ ಗುಟ್ಟಾದ ಸರ್ವೆಯಿಂದ ಬೇರೆಯಾಗಿ ತೆಗೆಯಬೇಕು.

"ಹೆಸರು ಬದಲಾಯಿಸಿದರೆ ಸಾಕು ಅಲ್ವಾ?"

ನಮ್ಮಂಥ ಊರಿನಲ್ಲಿ ಸಾಲದು. "ಕೆ.ಆರ್. ಪೇಟೆ ಕಡೆಯ, ಎರಡನೇ ವರ್ಷದ, ಕಬಡ್ಡಿ ಆಡುವ ಹುಡುಗಿ" ಅಂದರೆ ಇಡೀ ವಿಭಾಗಕ್ಕೆ ಗೊತ್ತಾಗುತ್ತದೆ. ತಾಲ್ಲೂಕು ಬದಲಿಸಿ, ಆಟ ಬದಲಿಸಿ, ಇಬ್ಬರ ವಿವರ ಬೆರೆಸಿ. ಹಾಗೆ ಮಾಡಿದ್ದೇನೆ ಅಂತ ಅಧ್ಯಯನದಲ್ಲಿ ಒಂದು ಸಾಲು ಬರೆಯಿರಿ. ಆಮೇಲೆ ಅವಳ ಭಾಗವನ್ನು ಅಚ್ಚಿಗೆ ಮೊದಲು ಅವಳಿಗೇ ಓದಲು ಕೊಡಿ. ನಾನು ಎಲ್ಲ ಮರೆಮಾಚಿದ್ದೇನೆ ಅಂದುಕೊಂಡು ಒಬ್ಬಳಿಗೆ ನಾಲ್ಕು ಪುಟ ಕೊಟ್ಟಿದ್ದೆ. ಪೂರ್ತಿ ಓದಿದಳು, ಎರಡು ಕಡೆ "ಹೀಗಲ್ಲ, ಹೀಗೆ" ಅಂತ ತಿದ್ದಿದಳು. ಕೊನೆಯಲ್ಲಿ ಬೆರಳಿಟ್ಟು, "ಅಕ್ಕ, ಈ ಬಸ್ಸಿನ ಟೈಮ್ ತೆಗೆದುಬಿಡಿ, ಆ ಹೊತ್ತಿಗೆ ನಮ್ಮೂರಿಂದ ಬರೋಳು ನಾನೊಬ್ಬಳೇ" ಅಂದಳು.